ಫೋಟೋದಜ್ಜಿಯ ಸೀರೆ

ಚಿತ್ರಗಾರ್ತಿ ಪದ್ಮಾಕ್ಷಿಯ ಮೇಜಿನ ಮೇಲೆ ಅವಳ ಮುತ್ತಜ್ಜಿಯ ಕಪ್ಪು-ಬಿಳುಪು ಫೋಟೋ ಹೊಟ್ಟೆಕಿಚ್ಚಿನಿಂದ ಕುದಿಯುತ್ತಿತ್ತು. ಅದನ್ನೇ ನೋಡಿ ಬರೆದ ಹೊಸ ಚಿತ್ರ ಪಕ್ಕದಲ್ಲಿ ಕೆಂಪು ಸೀರೆಯುಟ್ಟು ಮೆರೆಯುತ್ತಿತ್ತು. ಬಂದವರೆಲ್ಲ ಹೊಗಳಿದ್ದು ಚಿತ್ರವನ್ನೇ.

"ಕಳ್ಳಿ! ಆ ಮುಖ ನನ್ನದು, ಆ ಸೀರೆಯೂ ನನ್ನದು," ಎಂದಿತು ಫೋಟೋ.

"ಅಜ್ಜೀ, ನಿಮ್ಮ ಸೀರೆಯ ಬಣ್ಣ ಯಾವುದಿತ್ತು ಹೇಳಿ, ಅದನ್ನೇ ಉಡುತ್ತೇನೆ," ಎಂದಿತು ಚಿತ್ರ.

ಎಷ್ಟು ತಿಣುಕಿದರೂ ಫೋಟೋಗೆ ನೆನಪಾಗಲಿಲ್ಲ. ಅದು ಸಿಟ್ಟಿನಿಂದ ಫ್ಯಾನಿನ ಗಾಳಿಯನ್ನು ಕರೆದು, "ಇವಳನ್ನು ನೂಕು," ಎಂದಿತು. ಗಾಳಿ ನೂಕಿತು. ಕುಂಚ ತೊಳೆಯುವ ನೀರಿಗೆ ಬಿದ್ದ ಚಿತ್ರದ ಬಣ್ಣವೆಲ್ಲ ಕರಗಿಹೋಯಿತು.

ಪದ್ಮಾಕ್ಷಿ ನಿಟ್ಟುಸಿರಿಟ್ಟು ಹೊಸ ಹಾಳೆ ಹಾಸಿದಳು, ಫೋಟೋವನ್ನು ಮತ್ತೆ ಎದುರಿಗಿಟ್ಟುಕೊಂಡಳು. ಈ ಸಲ ಸೀರೆಗೆ ಹಸಿರು ಬಳಿದಳು.

ಆ ಹಸಿರು ಕಂಡಾಗಲೇ ಫೋಟೋಗೆ ನೆನಪಾದದ್ದು: ತನ್ನ ಸೀರೆ ಕೆಂಪೇ ಆಗಿತ್ತು.