ಹುಣ್ಣು ಮಾಯ್ದ ಮೇಲೆ

ಚನ್ನಮಲ್ಲನಿಗೆ ಸರ್ಪಸುತ್ತು ಆಗಿತ್ತು. ಎಡ ಪಕ್ಕೆಯ ಗುಳ್ಳೆಗಳೆಲ್ಲ ಒಣಗಿ ಉದುರಿದವು. ಉರಿ ಮಾತ್ರ ಒಳಗೇ ಉಳಿಯಿತು.

ಬಟ್ಟೆ ಸೋಕಿದರೂ ಕೆಂಡ ತಾಗಿದ ಹಾಗೆ. ಆಶ್ರಮದಲ್ಲಿ ಕೆಲವರು, "ಹುಣ್ಣೇ ಇಲ್ಲ, ಎಲ್ಲಿಯ ನೋವು? ಬರೀ ಸೋಗು" ಎಂದು ನಕ್ಕರು.

ಒಂದು ಬೆಳಿಗ್ಗೆ ಜೊತೆಯ ಶಿಷ್ಯ ಸಂಗಯ್ಯನ ಕೈಜಾರಿ ತಾಮ್ರದ ಕೊಡ ಬಿತ್ತು. ಆ ಸದ್ದಿಗೆ ಚನ್ನಮಲ್ಲನ ಪಕ್ಕೆ ಧಗ್ಗೆಂದಿತು. ಬಾಯಿಗೆ ಬಂದ ಹಾಗೆ ಬೈದುಬಿಟ್ಟ. ಸಂಗಯ್ಯ ಕಣ್ಣೊರೆಸಿಕೊಂಡು ಹೊರಗೆ ಹೋದ.

ಚನ್ನಮಲ್ಲ ಜೋಳಿಗೆ ಹೆಗಲಿಗೇರಿಸಿ ಹೊಳೆಯ ದಂಡೆಗೆ ಬಂದ. ಗುರುಗಳು ಅಡವಯ್ಯನವರು ಮರದ ನೆರಳಲ್ಲಿ ಪಂಚೆ ಹಿಂಡುತ್ತಿದ್ದರು.

"ಹೊರಡುತ್ತೇನೆ ಗುರುಗಳೇ. ಇಲ್ಲಿರಲು ನಾನು ಯೋಗ್ಯನಲ್ಲ."

"ಏನಾಯಿತು ಮಗೂ?"

"ಕೊಡ ಬಿದ್ದದ್ದು ಅಲ್ಲೆಲ್ಲೋ. ಉರಿದದ್ದು ಇಲ್ಲಿ. ನಿದ್ದೆಗೆಟ್ಟರೂ ಉರಿ, ಹೆದರಿದರೂ ಉರಿ. ಉರಿದರೆ ಕೋಪ. ಇವಕ್ಕೆಲ್ಲ ಒಂದಕ್ಕೊಂದು ಏನು ನಂಟು?"

"ನೋವು ಹುಟ್ಟುವುದು ಒಂದು ಕಡೆ. ತುಂಬಾ ದಿನ ಉಳಿದರೆ ತಲೆಯೊಳಗೆ ಎಲ್ಲರ ಪರಿಚಯ ಮಾಡಿಕೊಳ್ಳುತ್ತದೆ. ನಿದ್ದೆ, ಭಯ, ಸದ್ದು, ಕೋಪ. ಆಮೇಲೆ ಯಾರನ್ನು ಕೂಗಿದರೂ ಅದೂ ಓಡಿ ಬರುತ್ತದೆ."

"ಹಾಗಾದರೆ ಇದು ಸೋಗಲ್ಲವೇ?"

"ಸೋಗು ಅಂದವರು ಯಾರು?"

ಚನ್ನಮಲ್ಲ ತಲೆ ತಗ್ಗಿಸಿದ. "ಅವರು ಅಂದರು. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತು."

ಗುರುಗಳು ಅವನ ಹೆಗಲಿನಿಂದ ಜೋಳಿಗೆ ಇಳಿಸಿದರು. ಅವನನ್ನು ಕೂರಿಸಿ, ಬಲಗಡೆ ತಾವು ಕೂತರು. ಅವನ ಬಲಗೈಯನ್ನು ತಮ್ಮ ಒದ್ದೆ ಅಂಗೈಯಲ್ಲಿ ಹಿಡಿದುಕೊಂಡರು.

"ಹೇಗಿದೆ?"

"ತಣ್ಣಗಿದೆ."

"ಉರಿ?"

"ಇದೆ."

"ಇರಲಿ. ಈ ತಂಪೂ ಇದೆಯಲ್ಲ, ಇದರ ಜೊತೆ ಸ್ವಲ್ಪ ಹೊತ್ತು ಕೂತಿರು."

ದಿನವೂ ಹಾಗೇ ಕೂತರು. ಕೆಲವು ದಿನ ಉರಿ ಬೇಗ ತಗ್ಗುತ್ತಿತ್ತು. ಕೆಲವು ದಿನ ಇಲ್ಲ.

ಒಮ್ಮೆ ಇಬ್ಬರೂ ಹಾಗೆ ಕೂತಿದ್ದಾಗ ಸಂಗಯ್ಯ ನೀರಿಗೆ ಬಂದ. ಚನ್ನಮಲ್ಲನನ್ನು ಕಂಡು, ಕೊಡವನ್ನು ಎದೆಗವಚಿಕೊಂಡು ದೂರವೇ ನಿಂತ.

"ಬಾ ಸಂಗಯ್ಯ," ಎಂದ ಚನ್ನಮಲ್ಲ. "ಅವತ್ತಿನ ತಪ್ಪು ನನ್ನದು. ಹೆದರದೆ ಇಡು."

ಕೊಡ ಕಲ್ಲಿಗೆ ತಾಗಿ ಠಣ್ ಎಂದಿತು. ಪಕ್ಕೆ ಉರಿಯಿತು. ಚನ್ನಮಲ್ಲ ನಿಧಾನವಾಗಿ ಉಸಿರು ಬಿಟ್ಟು ಸಂಗಯ್ಯನ ಕೈ ಹಿಡಿದುಕೊಂಡ. ಬೈಗುಳ ಬರಲಿಲ್ಲ.

ಸಂಗಯ್ಯ ನೀರು ತುಂಬಿಕೊಂಡು ಹೋದ ಮೇಲೆ ಚನ್ನಮಲ್ಲ ಕೇಳಿದ:

"ಇದು ಪೂರ್ತಿ ಹೋಗುವುದು ಯಾವಾಗ ಗುರುಗಳೇ?"

"ನನಗೂ ಗೊತ್ತಿಲ್ಲ ಮಗೂ. ಇತ್ತ ನೆರಳಿಗೆ ಸರಿದು ಕೂತುಕೋ, ಅಲ್ಲಿ ಬಿಸಿಲು ಬೀಳುತ್ತಿದೆ."