ಆಟದೊಳಗಿನ ಕಾವಲುಗಾರ

ತ್ರಿಯಂಬಕ ಎಂಬುವನು ಮಕ್ಕಳಿಗಾಗಿ ಒಂದು ಕಂಪ್ಯೂಟರ್ ಆಟ ಮಾಡಿದ. ಕುರಿಮಂದೆಯನ್ನು ತೋಳಗಳಿಂದ ಕಾಪಾಡಿಕೊಂಡು ಬೆಟ್ಟ ದಾಟಿಸುವ ಆಟ. ಆಡಲು ಕುಳಿತ ಮಕ್ಕಳು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆದರೆ ಒಬ್ಬರು ಕೊಂಡರೆ ಸಾಕು, ಬೀದಿಯವರೆಲ್ಲ ನಕಲು ಮಾಡಿಕೊಳ್ಳುತ್ತಿದ್ದರು. ತ್ರಿಯಂಬಕನಿಗೆ ಹೊಟ್ಟೆ ಉರಿಯಿತು. ಉರಿಯದೆ ಇರುತ್ತದೆಯೇ? ನಿದ್ದೆಗೆಟ್ಟು ದುಡಿದವನು ಅವನು.

ಅದಕ್ಕೆ ಆಟದೊಳಗೆ ಒಬ್ಬ ಕಾವಲುಗಾರನನ್ನು ಕೂರಿಸಿದ. ದಪ್ಪ ಮೀಸೆ, ಕೈಯಲ್ಲಿ ದೊಣ್ಣೆ. ಆಟ ತೆರೆದಾಗಲೆಲ್ಲ ಅವನು ಡಬ್ಬಿಯ ಮೇಲಿನ ಸಂಖ್ಯೆ ಕೇಳುತ್ತಾನೆ. ಇಂಟರ್‌ನೆಟ್ ಹೋದರೆ ಆಟ ನಿಲ್ಲಿಸುತ್ತಾನೆ. ಕಂಪ್ಯೂಟರ್ ಬೇರೆಯದು ಅನ್ನಿಸಿದರೆ ಪರದೆಯ ತುಂಬ 'ನೀನು ಕಳ್ಳ' ಎಂದು ಬರೆದು ಬಾಗಿಲು ಹಾಕಿಬಿಡುತ್ತಾನೆ. ತ್ರಿಯಂಬಕನ ಸ್ವಂತ ಕಂಪ್ಯೂಟರಿನಲ್ಲಿ ಮಾತ್ರ ಈ ಕಾವಲುಗಾರ ಇರಲಿಲ್ಲ. ಯಜಮಾನನಿಗೆ ತಪಾಸಣೆ ಏಕೆ?

ಅದೇ ಊರಿನ ಕಮಲಾಕ್ಷಿಯ ಮಗಳು ಇಳಾ ಕಾಲು ಮುರಿದುಕೊಂಡು ಮನೆಯಲ್ಲೇ ಕೂತಿದ್ದಳು. ಪಕ್ಕದ ಮನೆಯವರು, "ನಮ್ಮ ಹತ್ತಿರ ನಕಲು ಇದೆ, ಹಾಕಿಕೊಡ್ತೀವಿ" ಅಂದರು. ಕಮಲಾಕ್ಷಿ ಬೇಡವೆಂದಳು. "ಕದ್ದ ಆಟದಲ್ಲಿ ಗೆದ್ದರೂ ಗೆದ್ದ ಹಾಗಲ್ಲ ಮಗಾ" ಎಂದು ಮಗಳಿಗೆ ಹೇಳಿ, ಅಂಗಡಿಗೆ ಹೋಗಿ ಕೊಂಡು ತಂದಳು.

ಇಳಾ ಖುಷಿಯಿಂದ ಆಡಿದಳು. ಆಮೇಲೆ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಒಳಗಿನ ಒಂದು ಭಾಗ ಬದಲಾಯಿಸಿಕೊಟ್ಟ. ಮತ್ತೆ ಆಟ ತೆರೆದರೆ ಕಾವಲುಗಾರನಿಗೆ ಅದು ಬೇರೆ ಕಂಪ್ಯೂಟರ್ ಅನ್ನಿಸಿತು. 'ನೀನು ಕಳ್ಳ.'

ಮಗು ಅಳುತ್ತಾ ಕೇಳಿತು. "ಅಮ್ಮಾ, ನಾವು ಕದ್ದಿದೀವಾ?"

ಕಮಲಾಕ್ಷಿ ತ್ರಿಯಂಬಕನಿಗೆ ಫೋನ್ ಮಾಡಿದಳು.

"ನಮ್ಮ ಕಾವಲುಗಾರ ಸುಳ್ಳು ಹೇಳಲ್ಲಮ್ಮ. ನಿಮ್ಮ ಮನೇಲಿ ಯಾರೋ ನಕಲು ಹಾಕಿರಬೇಕು" ಎಂದ ಅವನು.

"ಹಾಗಾದರೆ ಬಂದು ನೋಡಿ ಸ್ವಾಮಿ. ಕದ್ದಿದ್ದರೆ ಊರಿಗೆಲ್ಲ ಹೇಳಿ. ಇಲ್ಲದಿದ್ದರೆ ನನ್ನ ಮಗಳ ಮುಂದೆ ಹೇಳಿ. ಅವಳು ಇನ್ನು ಮೇಲೆ ನನ್ನ ಮಾತು ನಂಬಬೇಕಲ್ಲ."

ಅವನು ಬಂದ. ಅಕ್ಕಪಕ್ಕದ ಮಕ್ಕಳೂ ಬಂದು ಸುತ್ತ ನಿಂತರು. ಅವನು ತಾನೇ ಮಾಡಿ ಮಾರಿದ ಆ ಸಿ.ಡಿ. ಹಾಕಿ, ಡಬ್ಬಿಯ ಮೇಲಿನ ಸಂಖ್ಯೆಯನ್ನೇ ಒತ್ತಿದ. ಮೀಸೆಯವನು ಎದ್ದು ನಿಂತ. 'ನಿನ್ನ ಕಂಪ್ಯೂಟರ್ ಇದಲ್ಲ. ನೀನು ಕಳ್ಳ.'

ಮಕ್ಕಳು ಕಿಸಕ್ಕನೆ ನಕ್ಕರು. ಅವನು ಮತ್ತೆ ಒತ್ತಿದ. ಮತ್ತೆ ಬೈಸಿಕೊಂಡ.

ಪಕ್ಕದ ಮನೆಯ ಹುಡುಗಿಗೆ ಕನಿಕರ ಬಂತು. "ಮಾಮ, ನಮ್ಮನೆಗೆ ಬನ್ನಿ. ನಮ್ಮದು ಚೆನ್ನಾಗಿ ಓಡುತ್ತೆ."

"ನಿಮ್ಮದರಲ್ಲಿ ಕಾವಲುಗಾರ ಏನೂ ಕೇಳಲ್ವೇನಮ್ಮ?"

"ನಮ್ಮದರಲ್ಲಿ ಅವನೇ ಇಲ್ಲ. ನಕಲು ಕೊಟ್ಟವರು ಮೊದಲೇ ಕಿತ್ತುಹಾಕಿದ್ದಾರೆ."

ಕಮಲಾಕ್ಷಿ ಕಾಫಿ ಲೋಟ ಅವನ ಮುಂದಿಟ್ಟಳು. "ಮುಂಬಾಗಿಲಲ್ಲಿ ನಾಯಿ ಕಟ್ಟಿದ್ದೀರಿ. ಕಳ್ಳರು ಹಿತ್ತಲಿಂದ ಹೋಗಿ ಉಂಡು ಬಂದರು. ಕರೆಗಂಟೆ ಒತ್ತಿ ನಿಂತ ನಮ್ಮನ್ನು ಅದು ಕಚ್ಚಿತು. ಕುಡೀರಿ, ಆರುತ್ತೆ."

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಹೀಗೆಯೇ ಫೋನ್ ಮಾಡಿದ ಎಷ್ಟು ಜನರಿಗೆ ಇದೇ ಮಾತು ಹೇಳಿದ್ದನೋ. ಎಲ್ಲರೂ ಕೊಂಡವರೇ. ಕದ್ದವರು ಯಾಕೆ ಫೋನ್ ಮಾಡುತ್ತಾರೆ? ಅವನು ತಲೆ ತಗ್ಗಿಸಿಯೇ ಇಳಾಳಿಗೆ ಹೇಳಿದ. "ನಿಮ್ಮಮ್ಮ ಕದ್ದಿಲ್ಲ ಪುಟ್ಟಾ. ತಪ್ಪು ನನ್ನದು."

ಮನೆಗೆ ಹೋಗಿ ಕಾವಲುಗಾರನನ್ನು ತೆಗೆದುಹಾಕಿದ. ಕೊಂಡವರಿಗೆಲ್ಲ ಹೊಸ ಸಿ.ಡಿ. ಕಳಿಸಿದ. ಇಳಾಳ ಮನೆಗೆ ತಾನೇ ಹೋಗಿ ಹಾಕಿಕೊಟ್ಟ.

"ಆಡು ಪುಟ್ಟಾ. ಈಗ ಏನೂ ಅನ್ನಲ್ಲ."

ಇಳಾ ಕೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡಳು. "ಮೊದಲು ನೀವೇ ಒತ್ತಿ ಮಾಮ. ಬೈದರೆ ನಿಮಗೇ ಬೈಯಲಿ."

ಅವನು ಒತ್ತಿದ. ಯಾರೂ ಬೈಯಲಿಲ್ಲ. ಕುರಿಗಳು ಬೆಟ್ಟ ಹತ್ತತೊಡಗಿದವು. ಆದರೂ ಮಗುವಿನ ಕೈ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಆ ಕೈಯನ್ನೇ ನೋಡುತ್ತಾ ಕೂತಿದ್ದ.

ನೀತಿ: ಕಳ್ಳನನ್ನು ಹಿಡಿಯಲಾಗದವನು ಕೊಂಡವರ ಕುತ್ತಿಗೆ ಹಿಡಿಯಬಾರದು. ಬಾಗಿಲಿಗೆ ಹಾಕಿದ ಬೀಗವನ್ನು ತೆಗೆಯಬಹುದು, ನಂಬಿ ಬಂದವರಿಗೆ ಮಾಡಿದ ಅವಮಾನವನ್ನು ಅಷ್ಟು ಸುಲಭವಾಗಿ ತೆಗೆಯಲಾಗದು.