ಬೋರಲಿಂಗ ತೋಟ ಕಾದದ್ದು

ಹೂಂ ಅನ್ನೋರು ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ಎದ್ದು ಹೋಗ್ತೀನಿ. ಒಂದೂರಲ್ಲಿ ಒಂದು ದೊಡ್ಡ ಸರ್ಕಾರಿ ಸಸ್ಯತೋಟ. ಅಲ್ಲಿ ಕಳೆ ಕೀಳೋಳು ಸಾಕಮ್ಮ. ಅವಳ ಮಗ ಬೋರಲಿಂಗ ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಅದೇ ಅವಳ ಗೋಳು. ಮಂಡಿ ನೋವಿಗೆ ಅವಳಿಗೆ ಕೂತರೆ ಏಳೋಕಾಗದು. ಕೆಲಸದೋರಿಗೆ ಅಂತ ತೋಟದೊಳಗೆ ಕೊಟ್ಟ ಮನೆ ಉಳೀಬೇಕಾದರೆ ಮಗನಿಗೆ ಅಲ್ಲೇ ಕೆಲಸ ಸಿಗಬೇಕು. ವರ್ಷ ವರ್ಷ ತೋಟದ ದಿನಕ್ಕೆ ಡೈರೆಕ್ಟರ್ ಮೇಡಂ ಬರ್ತಾರೆ, ಇವನು ಅಲ್ಲೀತನಕ ಎಡವಟ್ಟು ಮಾಡದಿದ್ದರೆ ಕೇಳೋಣ ಅಂದ ಮೇಸ್ತ್ರಿ ಗೋವಿಂದಯ್ಯ.

ಆಮೇಲೆ ಸೇವಂತಿಗೆ ಸಸಿ ಬೇರು ಬಿಟ್ಟಿವೆಯಾ ನೋಡು ಅಂತ ಕಳಿಸಿದ. ಬೋರಲಿಂಗ ಒಂದೊಂದನ್ನೂ ಕಿತ್ತು ನೋಡಿದ. ಬೇರು ಬಿಟ್ಟಿದ್ದವು. ಖುಷಿಯಾಗಿ ಎಲ್ಲವನ್ನೂ ಸಾಲಾಗಿ ಮಲಗಿಸಿ ಮೇಸ್ತ್ರಿಗೆ ತೋರಿಸಿದ. ಸಾಕಮ್ಮ ಹಣೆ ಚಚ್ಚಿಕೊಂಡಳು.

"ಪೆದ್ದು ಮುಂಡೇದೇ, ನೆಟ್ಟಿದ್ದನ್ನ ಕೀಳಬಾರದು ಕಣೋ. ಬೇರೆಯವರು ಕೀಳೋಕೆ ಬಂದರೂ ಬಿಡಬಾರದು. ಬುಡಕ್ಕೆ ನೀರು ಹುಯ್ಯಬೇಕು."

"ಆಯ್ತಮ್ಮ" ಅಂದ.

ಮಾರನೇ ದಿನ ತೋಟದ ದಿನಕ್ಕೆ ಅಂತ ಶಾಮಿಯಾನದವರು ಕಂಬ ನೆಟ್ಟರು. ಒಂದು ಕಂಬ ದಾರಿಗೇ ಅಡ್ಡ ಬಂತು. ಕಿತ್ತು ಆಚೆ ನೆಡೋಣ ಅಂತ ನೋಡಿದರೆ ಬೋರಲಿಂಗ ಅದನ್ನ ತಬ್ಬಿಕೊಂಡು ಕೂತಿದ್ದಾನೆ. ಬುಡಕ್ಕೆ ಬಿಂದಿಗೆಗಟ್ಟಲೆ ನೀರು ಬೇರೆ ಹುಯ್ದಿದ್ದಾನೆ. ನೆಲ ಕೆಸರಾಗಿ ಶಾಮಿಯಾನ ವಾಲಿ ಮೇಸ್ತ್ರಿ ತಲೆ ಮೇಲೇ ಬಿತ್ತು.

"ಜೀವ ಇರೋದಕ್ಕೆ ನೀರು ಕಣೋ" ಅಂದಳು ಸಾಕಮ್ಮ. "ಕತ್ತರಿಸಿ ತಂದ ಕಂಬಕ್ಕೆ ನೀರು ಹುಯ್ತಾರಾ? ಕತ್ತರಿಸಿದ ಕಡೆ ಸಗಣಿ ಮೆತ್ತಿ ಬಟ್ಟೆ ಕಟ್ತಾರೆ, ಆಗ ಚಿಗುರುತ್ತೆ."

"ಆಯ್ತಮ್ಮ" ಅಂದ.

ತೋಟದ ದಿನ ಬಂತು. ಊರಿಗೂರೇ ಗೇಟಿನ ಮುಂದೆ ನಿಂತಿತ್ತು. ಡೈರೆಕ್ಟರ್ ಸುಲೋಚನಾ ಮೇಡಂ ಕೆಂಪು ಟೇಪು ಕತ್ತರಿಸಿದರು. ಜನ ಚಪ್ಪಾಳೆ ತಟ್ಟಿ ಒಳಗೆ ಕಾಲಿಡೋ ಹೊತ್ತಿಗೆ ಬೋರಲಿಂಗ ಸಗಣಿ ಬುಟ್ಟಿ ಹಿಡಿದು ಓಡಿ ಬಂದ. ಎರಡು ತುದಿಗೂ ಸಗಣಿ ಮೆತ್ತಿ, ಸೇರಿಸಿ, ಚಿಂದಿ ಸುತ್ತಿ ಗಂಟು ಹಾಕಿದ. ಮೇಡಂ ಮತ್ತೆ ಕತ್ತರಿಸಿದರು, ಅವನು ಮತ್ತೆ ಮೆತ್ತಿದ. "ಹೆದರಬೇಡಿ ಮೇಡಂ, ಚಿಗುರುತ್ತೆ" ಅಂತ ಸಮಾಧಾನವನ್ನೂ ಹೇಳಿದ.

ಮೇಸ್ತ್ರಿ ಅವನ ಕಿವಿ ಹಿಡಿದು ಈಚೆಗೆ ಎಳೆದ. ಟೇಪು ಮುಟ್ಟಬೇಡ, ಮೇಡಂ ಸಸಿ ನೆಡ್ತಾರೆ, ನೆಟ್ಟ ಕೂಡಲೇ ಮೇಕೆ ನುಗ್ಗದ ಹಾಗೆ ಸುತ್ತ ಬಿದಿರ ಬೇಲಿ ಕಟ್ಟು, ಅಷ್ಟು ಸಾಕು ಅಂದ.

ಮೇಡಂ ನೇರಳೆ ಸಸಿ ನೆಟ್ಟರು. ನೆಟ್ಟು, ಪಕ್ಕದಲ್ಲೇ ನಿಂತು ಫೋಟೋಕ್ಕೆ ನಕ್ಕರು. ಫೋಟೋದವನು ಇನ್ನೊಂದು, ಇನ್ನೊಂದು ಅಂತಿದ್ದ. ಅವನದು ಮುಗಿಯೋದರೊಳಗೆ ಎದೆಮಟ್ಟದ ಬೇಲಿ ಎದ್ದಿತ್ತು. ಒಳಗೆ ಸಸಿ, ಸಸಿ ಜೊತೆ ಮೇಡಂ. ಸಾಕಮ್ಮ ಕುಂಟುತ್ತಾ ಬಂದವಳು ಸೆರಗಲ್ಲಿ ಮುಖ ಮುಚ್ಚಿ ಅತ್ತಳು. ಮನೆ ಹೋಯ್ತು ಅಂತಲೇ ಅವಳು ಅಂದುಕೊಂಡಳು.

ಅಷ್ಟರಲ್ಲಿ ಒಂದು ಮೇಕೆ ಬಂತು. ಬೇಲಿ ತಳ್ಳಿತು, ಗುದ್ದಿತು, ಸೋತು ಹೋಯಿತು. ಮೇಡಂ ನೋಡಿದರು, ತಾವೂ ಬೇಲಿ ಅಲ್ಲಾಡಿಸಿದರು. ಅದು ಜಗ್ಗಲಿಲ್ಲ. ಅವರಿಗೆ ನಗು ಬಂತು.

"ಪ್ರತಿ ವರ್ಷ ನಾನು ನೆಟ್ಟಿದ್ದನ್ನ ಮೇಕೆ ತಿಂದು ಹಾಕ್ತಿತ್ತು. ಈ ತೋಟದ ಕಾವಲು ಇವನಿಗೇ ಕೊಡಿ" ಅಂದರು. ಆಮೇಲೆ ಬೋರಲಿಂಗನಿಗೇ ಹೇಳಿದರು: "ನೋಡಪ್ಪ, ಸಂಜೆ ಆರಕ್ಕೆ ಹೊರಗಿಂದ ಗೇಟಿಗೆ ಬೀಗ ಹಾಕು. ಬೆಳಿಗ್ಗೆ ಆರಕ್ಕೆ ತೆಗಿ. ನಡುವೆ ಯಾರು ಕೇಳಿದರೂ ತೆಗೀಬಾರದು. ಈಗ ಈ ಬೇಲಿ ಬಿಚ್ಚು."

"ಆಯ್ತು ಮೇಡಂ" ಅಂತ ಬಿಚ್ಚಿದ.

ಸಭೆ ನಡೀತು, ಭಾಷಣ ಉದ್ದವಾಯಿತು. ಆರು ಗಂಟೆ ಆಯ್ತು. ಊರಿಗೂರೇ ತೋಟದೊಳಗೆ ಕೂತು ಕೇಸರಿಬಾತು ತಿನ್ನುತ್ತಿತ್ತು. ಬೋರಲಿಂಗ ಹೊರಗೆ ಹೋಗಿ ಗೇಟೆಳೆದು ಬೀಗ ಜಡಿದ. ಮೇಸ್ತ್ರಿ ಬಂದು ಬೈದ, ತೆಗೀಲಿಲ್ಲ. ಕೊನೆಗೆ ಮೇಡಂ ತಾವೇ ಬಂದು ಸರಳಿನ ಸಂದಿಯಿಂದ, "ನಾನೇ ಕೇಳ್ತಿದ್ದೀನಲ್ಲಪ್ಪ" ಅಂದರು.

"ಯಾರು ಕೇಳಿದರೂ ಅಂದಿದ್ದೀರಿ ಮೇಡಂ" ಅಂದ, ಕೈ ಮುಗಿದ.

ಎಲ್ಲರೂ ಸಾಕಮ್ಮನ ಕಡೆ ತಿರುಗಿದರು. ಅವಳು ಕಲ್ಲುಬೆಂಚಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ" ಅಂದಳು. "ನನ್ನ ಮಗನಿಗೆ ಸರ್ಕಾರಿ ಕೆಲಸ. ಬೆಳಿಗ್ಗೆ ಆರಕ್ಕೆ ಸರಿಯಾಗಿ ತೆಗೀತಾನೆ."